ಟ್ಯಾಬ್ ಕೊಳ್ಳುವ ಮುನ್ನ ಪೋರ್ಟ್ ಪರೀಕ್ಷೆ: ಏನು ಕೇಳಬೇಕು, ಏನು ಚುಚ್ಚಿ ನೋಡಬೇಕು, ಎಲ್ಲಿ ಕೈಕೊಡುತ್ತದೆ

ಟ್ಯಾಬ್ ಕೊಳ್ಳಲು ಹೋದವರು ಪರದೆ ನೋಡುತ್ತಾರೆ, ರ್‍ಯಾಮ್ ಕೇಳುತ್ತಾರೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ವಿಚಾರಿಸುತ್ತಾರೆ. ಪೋರ್ಟಿನ ವಿಷಯಕ್ಕೆ ಬಂದರೆ "ಟೈಪ್-ಸಿ ಇದೆ ಸಾರ್" ಎಂಬ ಒಂದೇ ಮಾತಿಗೆ ಒಪ್ಪಿ ದುಡ್ಡು ಕೊಟ್ಟು ಬರುತ್ತಾರೆ. ತೊಂದರೆ ಗೊತ್ತಾಗುವುದು ಮನೆಗೆ ಬಂದ ಮೇಲೆ. ಪೆನ್‌ಡ್ರೈವ್ ಓದುತ್ತದೆ, ಆದರೆ ಪ್ರೊಜೆಕ್ಟರಿಗೆ ಚಿತ್ರ ಹೋಗುವುದಿಲ್ಲ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ತೆರೆಯುವುದಿಲ್ಲ. ಪಕ್ಕದ ಮನೆಯವರ ಟ್ಯಾಬಿನಲ್ಲಿ ನಡೆದ ಇಯರ್‌ಫೋನ್ ಅಡಾಪ್ಟರ್ ನಮ್ಮದರಲ್ಲಿ ಸದ್ದೇ ಮಾಡುವುದಿಲ್ಲ. ತೂತು ಒಂದೇ ಆಕಾರದ್ದು, ಅದರ ಹಿಂದಿರುವ ಸಾಮರ್ಥ್ಯ ಮಾತ್ರ ಬೇರೆ ಬೇರೆ. ಆ ವ್ಯತ್ಯಾಸವನ್ನು ಅಂಗಡಿಯಲ್ಲೇ ಕಂಡುಹಿಡಿಯುವುದು ಹೇಗೆ, ಕೊಂಡ ಮೇಲೆ ಇರುವ ಪೋರ್ಟಿನಿಂದ ಪೂರ್ತಿ ಕೆಲಸ ತೆಗೆಯುವುದು ಹೇಗೆ ಎಂಬುದು ಇಲ್ಲಿದೆ.

ಆಕಾರದ ಜಗಳ ಮುಗಿದಿದೆ

2010ರ ಮೊದಲ ಐಪ್ಯಾಡ್‌ನಲ್ಲಿ ಇದ್ದದ್ದು ಆಪಲ್‌ನದೇ 30 ಪಿನ್ನಿನ ಪೋರ್ಟ್. 2011ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ 10.1ಕ್ಕೂ 30 ಪಿನ್ನೇ, ಆದರೆ ಇದರ ಕೇಬಲ್ ಅದಕ್ಕಾಗದು, ಅದರದ್ದು ಇದಕ್ಕಾಗದು. 2012ರಲ್ಲಿ ಆಪಲ್ ಲೈಟ್ನಿಂಗ್ ಎಂಬ ತನ್ನದೇ ಸಣ್ಣ ಪೋರ್ಟಿಗೆ ಹೊರಳಿತು, ಹಳೆಯ ಕೇಬಲ್ಲುಗಳೆಲ್ಲ ಮೂಲೆ ಸೇರಿದವು. ಬೇರೆ ದಾರಿ ಇರಲಿಲ್ಲ ಎಂದೇನಲ್ಲ. 2011ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲೇ ವಿದ್ಯಾರ್ಥಿಗಳಿಗಾಗಿ ಬಿಡುಗಡೆಯಾದ ಆಕಾಶ್ ಟ್ಯಾಬಿನಲ್ಲಿ ಪೂರ್ಣ ಗಾತ್ರದ ಎರಡು ಯುಎಸ್‌ಬಿ ಪೋರ್ಟ್‌ಗಳಿದ್ದವು. 2012ರ ಮೈಕ್ರೋಸಾಫ್ಟ್ ಸರ್ಫೇಸ್ ಆರ್‌ಟಿಯಲ್ಲೂ ಪೂರ್ಣ ಗಾತ್ರದ ಒಂದು ಪೋರ್ಟ್ ಇತ್ತು. ಆಕಾಶ್ ವೇಗದಲ್ಲಿ, ಪರದೆಯಲ್ಲಿ ಸೋತಿತು, ನಿಜ. ಆದರೆ ಮನೆಯಲ್ಲಿರುವ ಯಾವ ಪೆನ್‌ಡ್ರೈವನ್ನಾದರೂ ನೇರ ಚುಚ್ಚಬಹುದು ಎಂಬ ಅದರ ಆಲೋಚನೆ ಸರಿಯಾಗಿಯೇ ಇತ್ತು.

ಟೈಪ್-ಸಿ ಮಾನದಂಡ ಪ್ರಕಟವಾದದ್ದು 2014ರ ಆಗಸ್ಟಿನಲ್ಲಿ. 2018ರ ಐಪ್ಯಾಡ್ ಪ್ರೊ, 2020ರ ಐಪ್ಯಾಡ್ ಏರ್, 2022ರ 10ನೇ ತಲೆಮಾರಿನ ಸಾದಾ ಐಪ್ಯಾಡ್ ಹೀಗೆ ಒಂದೊಂದಾಗಿ ಅದಕ್ಕೆ ಬಂದವು. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನು, ಟ್ಯಾಬುಗಳಿಗೆ ಟೈಪ್-ಸಿ ಕಡ್ಡಾಯ. ಭಾರತದಲ್ಲಿ ಮಾನದಂಡ ಗೊತ್ತುಪಡಿಸುವ ಸಂಸ್ಥೆಯಾದ ಬಿಐಎಸ್, ಐಎಸ್/ಐಇಸಿ 62680-1-3 ಎಂಬ ಹೆಸರಿನಲ್ಲಿ ಇದೇ ಮಾನದಂಡವನ್ನು ಅಂಗೀಕರಿಸಿದೆ. ಇಷ್ಟಾದರೂ ಈ ನಿಯಮಗಳು ಮುಖ್ಯವಾಗಿ ಹಿಡಿದಿರುವುದು ಆಕಾರವನ್ನು ಮತ್ತು ಚಾರ್ಜಿಂಗನ್ನು. ಡೇಟಾ ಎಷ್ಟು ವೇಗದಲ್ಲಿ ಹೋಗಬೇಕು, ಚಿತ್ರ ಹೊರಗೆ ಹೋಗಬೇಕೋ ಬೇಡವೋ ಎಂಬುದು ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಕೊಳ್ಳುವವರು ಎಡವುವುದು ಇಲ್ಲೇ.

ಒಂದೇ ತೂತು, ನಾಲ್ಕು ಕೆಲಸ

ಟೈಪ್-ಸಿ ಪೋರ್ಟಿನಲ್ಲಿ 24 ಪಿನ್ನುಗಳಿವೆ. ತಯಾರಕರು ಎಲ್ಲಕ್ಕೂ ತಂತಿ ಎಳೆಯಲೇಬೇಕೆಂದಿಲ್ಲ. ಆದ್ದರಿಂದ ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು.

ಮೊದಲನೆಯದು ಚಾರ್ಜಿಂಗ್. ಪವರ್ ಡೆಲಿವರಿ, ಅಂದರೆ ಪಿಡಿ ಇದ್ದರೆ ಟ್ಯಾಬೂ ಚಾರ್ಜರೂ ಮಾತಾಡಿಕೊಂಡು 5 ವೋಲ್ಟಿನಿಂದ 9 ವೋಲ್ಟಿಗೋ ಅದಕ್ಕೂ ಮೇಲಕ್ಕೋ ಹೋಗುತ್ತವೆ. ಇಲ್ಲದಿದ್ದರೆ ಎಷ್ಟು ದೊಡ್ಡ ಪಿಡಿ ಚಾರ್ಜರ್ ಹಾಕಿದರೂ 5 ವೋಲ್ಟಿನಲ್ಲೇ ಕುಂಟುತ್ತದೆ. ಅಗ್ಗದ ಕೆಲವು ಟ್ಯಾಬುಗಳಲ್ಲಿ ಇನ್ನೊಂದು ದೋಷವಿದೆ: ಎ-ಯಿಂದ-ಸಿ ಕೇಬಲ್ಲಿನಲ್ಲಿ (ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ಟೈಪ್-ಸಿ) ಚಾರ್ಜ್ ಆಗುತ್ತವೆ, ಎರಡೂ ತುದಿ ಟೈಪ್-ಸಿ ಇರುವ ಸಿ-ಯಿಂದ-ಸಿ ಕೇಬಲ್ಲಿನಲ್ಲಿ ಆಗುವುದೇ ಇಲ್ಲ. ಕಾರಣ ಸರಳ. ಸಿಸಿ ಎಂಬ ಎರಡು ಪಿನ್ನುಗಳಿಗೆ ತಲಾ ಒಂದು 5.1 ಕಿಲೋಓಮ್ ರೆಸಿಸ್ಟರ್ ಇರಬೇಕು. ಅದನ್ನು ಕಂಡ ಮೇಲಷ್ಟೇ ಸಿ ಚಾರ್ಜರ್ ಕರೆಂಟ್ ಬಿಡುತ್ತದೆ. ಬಿಡಿಗಾಸಿನ ಆ ಭಾಗಗಳನ್ನು ಉಳಿಸಲು ಹೋಗಿ ಕೆಲವರು ಅವನ್ನು ಹಾಕಿರುವುದಿಲ್ಲ. ಅಂಥ ಟ್ಯಾಬನ್ನು ಕೊಳ್ಳಲೇಬೇಡಿ. ಅಷ್ಟರಲ್ಲೇ ಕೈಬಿಗಿ ಮಾಡಿದವರು ಒಳಗೆ ಇನ್ನೇನನ್ನು ಬಿಟ್ಟಿದ್ದಾರೋ.

ಎರಡನೆಯದು ಡೇಟಾ ವೇಗ. ಕಡಿಮೆ, ಮಧ್ಯಮ ಬೆಲೆಯ ಹೆಚ್ಚಿನ ಟ್ಯಾಬುಗಳಲ್ಲಿ ಇರುವುದು ಯುಎಸ್‌ಬಿ 2.0, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಸಿಗುವುದು ಸುಮಾರು 30ರಿಂದ 35 ಮೆಗಾಬೈಟ್. 64 ಜಿಬಿ ವಿಡಿಯೋ ನಕಲು ಮಾಡಲು ಅರ್ಧ ಗಂಟೆ ಬೇಕು. 5 ಗಿಗಾಬಿಟ್ಟಿನ ಪೋರ್ಟಿಗೆ ಒಳ್ಳೆಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡ್ರೈವ್) ಹಾಕಿದರೆ ಅದೇ ಕೆಲಸ ಮೂರು ನಿಮಿಷದೊಳಗೆ ಮುಗಿದೀತು. 10ನೇ ತಲೆಮಾರಿನ ಐಪ್ಯಾಡ್‌ನಲ್ಲಿ ಸಿ ಇದ್ದರೂ ವೇಗ 480 ಮೆಗಾಬಿಟ್ಟೇ. 2021ರ ಐಪ್ಯಾಡ್ ಪ್ರೊದಲ್ಲಿ 40 ಗಿಗಾಬಿಟ್. ಪಕ್ಕಪಕ್ಕ ಇಟ್ಟರೆ ತೂತಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣದು.

ಮೂರನೆಯದು ಚಿತ್ರ. ಟಿವಿಗೋ ಪ್ರೊಜೆಕ್ಟರಿಗೋ ತಂತಿಯಲ್ಲಿ ಕಳಿಸಲು ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಸಿ ಪೋರ್ಟಿನಲ್ಲೇ ಚಿತ್ರ ಸಾಗಿಸುವ ವ್ಯವಸ್ಥೆ ಬೇಕು. ಗ್ಯಾಲಕ್ಸಿ ಟ್ಯಾಬ್ ಎಸ್7, ಎಸ್8, ಎಸ್9ರಲ್ಲಿ ಇದೆ. ಹೆಸರಿನಲ್ಲಿ ಎಸ್ ಇದ್ದರೂ ಟ್ಯಾಬ್ ಎಸ್6 ಲೈಟ್‌ನಲ್ಲಿ ಇಲ್ಲ. ಯುಎಸ್‌ಬಿ 2.0 ಎಂದು ಬರೆದಿದ್ದರೆ ಚಿತ್ರ ಹೋಗುವುದಿಲ್ಲ ಎಂದು ಅಂಗಡಿಯವರು ಹೇಳುವುದುಂಟು. ಆಂಡ್ರಾಯ್ಡ್‌ಗೆ ಬಹುಮಟ್ಟಿಗೆ ಆ ಮಾತು ನಿಜ, ಆದರೆ ನಿಯಮವಲ್ಲ. 10ನೇ ತಲೆಮಾರಿನ ಐಪ್ಯಾಡ್ ಅಷ್ಟು ನಿಧಾನದ ಪೋರ್ಟಿನಿಂದಲೇ 4ಕೆ ಚಿತ್ರವನ್ನು 30 ಹರ್ಟ್ಸ್‌ನಲ್ಲಿ ಹೊರಗೆ ಕೊಡುತ್ತದೆ, ಏಕೆಂದರೆ ಡೇಟಾ ಹೋಗುವ ಪಿನ್ನೂ ಚಿತ್ರ ಹೋಗುವ ಪಿನ್ನೂ ಬೇರೆ ಬೇರೆ.

ನಾಲ್ಕನೆಯದು ಒಟಿಜಿ, ಅಂದರೆ ಟ್ಯಾಬೇ ಯಜಮಾನನಾಗಿ ಪೆನ್‌ಡ್ರೈವ್, ಕೀಬೋರ್ಡುಗಳಿಗೆ ಕರೆಂಟ್ ಕೊಟ್ಟು ನಡೆಸುವುದು. ಈಗಿನ ಬಹುತೇಕ ಟ್ಯಾಬುಗಳಲ್ಲಿ ಇದೆ. ಎಷ್ಟು ಕರೆಂಟ್ ಕೊಡುತ್ತದೆ ಎಂಬುದೇ ಪ್ರಶ್ನೆ. ತಿರುಗುವ ತಟ್ಟೆಯಿರುವ 2.5 ಇಂಚಿನ ಹಾರ್ಡ್‌ಡಿಸ್ಕ್ ಶುರುವಾಗುವ ಹೊತ್ತಿಗೆ ಬೇಡುವಷ್ಟನ್ನು ಅನೇಕ ಟ್ಯಾಬುಗಳು ಕೊಡಲಾರವು. ಆ ಟಿಕ್ ಟಿಕ್ ಸದ್ದು ಅದರದ್ದೇ: ತಟ್ಟೆ ತಿರುಗಲು ಹೊರಡುತ್ತದೆ, ಕರೆಂಟ್ ಸಾಲದೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಹಾಗೇ ಬಿಟ್ಟರೆ ಡಿಸ್ಕಿಗೆ ಅಪಾಯ. ಕೂಡಲೇ ಕಿತ್ತು, ಚಾರ್ಜರ್ ಹಾಕಿದ ಹಬ್‌ನ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಮೂಲಕ ಜೋಡಿಸಿ.

ಅಂಗಡಿಗೆ ಏನೇನು ಒಯ್ಯಬೇಕು

ಒಂದು ಪುಟ್ಟ ಚೀಲದಲ್ಲಿ ಇಷ್ಟಿರಲಿ: ಎಕ್ಸ್‌ಫ್ಯಾಟ್ ಎಂಬ, ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸುವ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ, 1 ಜಿಬಿ ಗಾತ್ರದ ಒಂದು ಫೈಲ್ ಇರುವ ವೇಗದ ಪೆನ್‌ಡ್ರೈವ್, ಎ-ಯಿಂದ-ಸಿ ಒಟಿಜಿ ಅಡಾಪ್ಟರ್, ಪಿಡಿ ಇರುವ 25 ಅಥವಾ 45 ವ್ಯಾಟ್‌ನ ಚಾರ್ಜರ್, ಅದರ ಸಿ-ಯಿಂದ-ಸಿ ಕೇಬಲ್, ಸಿ-ಯಿಂದ-ಎಚ್‌ಡಿಎಂಐ ಅಡಾಪ್ಟರ್. ಕೇಬಲ್ಲಿನ ನಡುವೆ ಸಿಕ್ಕಿಸುವ ಸಿ ಪವರ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಟ್ಯಾಬ್ ಕೊಳ್ಳುವವರಿಗೆ ಇದರಷ್ಟು ಉಪಯೋಗದ ಸಾಧನ ಮತ್ತೊಂದಿಲ್ಲ.

ಹೋಗುವ ಮುನ್ನ ತಯಾರಕರ ಜಾಲತಾಣದಲ್ಲಿ ಅದೇ ಮಾದರಿಯ ಪೂರ್ತಿ ವಿವರ ತೆರೆಯಿರಿ. "ಯುಎಸ್‌ಬಿ ಟೈಪ್-ಸಿ" ಎಂದಷ್ಟೇ ಇದ್ದು ಮುಂದೆ ಅಂಕಿ ಇಲ್ಲದಿದ್ದರೆ 2.0 ಎಂದೇ ಲೆಕ್ಕ ಹಿಡಿಯಿರಿ. 3.2 ಜೆನ್ 1 ಎಂದರೆ 5 ಗಿಗಾಬಿಟ್, ಜೆನ್ 2 ಎಂದರೆ 10. "ಡಿಸ್‌ಪ್ಲೇಪೋರ್ಟ್" ಎಂಬ ಪದ ಎಲ್ಲೂ ಕಾಣದಿದ್ದರೆ ಚಿತ್ರ ಹೊರಗೆ ಬಾರದು ಎಂದುಕೊಂಡೇ ಹೋಗಿ. ಇದ್ದದ್ದನ್ನು ಮುಚ್ಚಿಡುವ ತಯಾರಕರು ಕಡಿಮೆ.

ಅಂಗಡಿಯಲ್ಲಿ, ಪ್ರದರ್ಶನಕ್ಕಿಟ್ಟ ಟ್ಯಾಬಿನ ಮೇಲೆ, ಅನುಮತಿ ಕೇಳಿ ಈ ಕ್ರಮದಲ್ಲಿ ನೋಡಿ:

1. ಬ್ಯಾಟರಿ 20ರಿಂದ 50 ಪ್ರತಿಶತದ ನಡುವೆ ಇರುವ ಟ್ಯಾಬ್ ಆರಿಸಿಕೊಳ್ಳಿ. 80 ದಾಟಿದ್ದರೆ ಅದೇ ಕರೆಂಟ್ ಇಳಿಸಿಕೊಳ್ಳುತ್ತದೆ, ಮೀಟರ್ ನೋಡಿ ತಪ್ಪು ತಿಳಿಯುತ್ತೀರಿ.
2. ನಿಮ್ಮ ಸಿ-ಯಿಂದ-ಸಿ ಕೇಬಲ್ಲಿನಲ್ಲಿ ಚಾರ್ಜ್‌ಗೆ ಹಾಕಿ. ಪಿಡಿ ಇದೆ ಎಂದು ಹೇಳಿದ ಟ್ಯಾಬಾದರೆ ಮೀಟರಿನಲ್ಲಿ 5 ವೋಲ್ಟ್ ಕಾಣಿಸಿ ಒಂದೆರಡು ಸೆಕೆಂಡಿನಲ್ಲಿ 9ರ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಏರಬೇಕು. ಪ್ಲಗ್ ಮಗುಚಿ ಹಾಕಿ ಇನ್ನೊಮ್ಮೆ ನೋಡಿ. ಒಂದು ಬದಿಗೆ ಮಾತ್ರ ಚಾರ್ಜ್ ಆದರೆ ಪೋರ್ಟಿನಲ್ಲೇ ದೋಷ.
3. ಒಟಿಜಿಯಲ್ಲಿ ಪೆನ್‌ಡ್ರೈವ್ ಹಾಕಿ 1 ಜಿಬಿ ಫೈಲನ್ನು ಟ್ಯಾಬಿಗೆ ನಕಲಿಸಿ. ಅರ್ಧ ನಿಮಿಷ ಹಿಡಿದರೆ 2.0. ಹತ್ತು ಸೆಕೆಂಡಿನೊಳಗೆ ಮುಗಿದರೆ ಅದಕ್ಕಿಂತ ವೇಗದ್ದು. ಪೆನ್‌ಡ್ರೈವೇ ನಿಧಾನದ್ದಾದರೆ ಈ ಪರೀಕ್ಷೆಗೆ ಅರ್ಥವಿಲ್ಲ.
4. ಎಚ್‌ಡಿಎಂಐ ಅಡಾಪ್ಟರನ್ನು ಅಂಗಡಿಯ ಯಾವುದಾದರೂ ಟಿವಿಗೆ ಹಾಕಿ. ಆಲ್ಟ್ ಮೋಡ್ ಇದ್ದರೆ ಐದು ಸೆಕೆಂಡಿನ ಆಸುಪಾಸಿನಲ್ಲಿ ಚಿತ್ರ ಬರುತ್ತದೆ.
5. ಪ್ಲಗ್ ಹಾಕಿದ ಸ್ಥಿತಿಯಲ್ಲಿ ಕೇಬಲ್ಲನ್ನು ಮೇಲೆ ಕೆಳಗೆ ಮೆಲ್ಲಗೆ ಅಲುಗಿಸಿ. ಚಾರ್ಜಿಂಗ್ ಗುರುತು ಮಿಣುಕಿದರೆ ಬೇರೆ ಟ್ಯಾಬ್ ಕೇಳಿ.

ಪೆಟ್ಟಿಗೆಯಲ್ಲಿ ಬಂದ ಕೇಬಲ್ಲಿನಿಂದ ಮಾತ್ರ ಪರೀಕ್ಷಿಸಬೇಡಿ. ಚಾರ್ಜರಿನ ಜೊತೆ ಕೊಡುವ ಸಿ ಕೇಬಲ್ಲುಗಳಲ್ಲಿ ಹೆಚ್ಚಿನವು ಒಳಗೆ 2.0ರ ತಂತಿಗಳನ್ನಷ್ಟೇ ಹೊಂದಿರುತ್ತವೆ. ಅದರಲ್ಲಿ ಮಾನಿಟರ್ ಜೋಡಿಸಿದರೆ ಏನೂ ಕಾಣದು, ಎಸ್‌ಎಸ್‌ಡಿ ಜೋಡಿಸಿದರೆ ತೆವಳುತ್ತದೆ. ಎಷ್ಟೋ ಒಳ್ಳೆಯ ಟ್ಯಾಬುಗಳು ಕೇಬಲ್ಲಿನ ತಪ್ಪಿಗೆ ಬೈಗುಳ ತಿಂದಿವೆ.

ಪೆನ್‌ಡ್ರೈವ್, ಎಸ್‌ಎಸ್‌ಡಿ

ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿರಲಿ. ಫ್ಯಾಟ್32 ಎಲ್ಲೆಡೆ ಓದುತ್ತದೆ, ಆದರೆ 4 ಜಿಬಿಗಿಂತ ದೊಡ್ಡ ಒಂದು ಫೈಲನ್ನು ಹಿಡಿಸಿಕೊಳ್ಳದು. ಅರ್ಧ ದಾರಿಯಲ್ಲಿ ನಕಲು ನಿಂತರೆ ಮೊದಲು ಇದನ್ನೇ ಶಂಕಿಸಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನೇಕ ಆಂಡ್ರಾಯ್ಡ್ ಟ್ಯಾಬುಗಳಿಗೆ ಓದಲು ಬಾರದು, "ಈ ಡ್ರೈವ್ ಫಾರ್ಮ್ಯಾಟ್ ಮಾಡಿ" ಎಂದು ಕೇಳುತ್ತವೆ. ಒತ್ತಿದರೆ ಇದ್ದದ್ದೆಲ್ಲ ಹೋಯಿತು. ಡ್ರೈವಿನಲ್ಲಿ ಒಂದೇ ಪಾರ್ಟಿಶನ್, ಅಂದರೆ ಒಂದೇ ವಿಭಾಗ ಇರಬೇಕು. ಐಪ್ಯಾಡಿಗೆ ಇದು ಕಡ್ಡಾಯ, ಆಂಡ್ರಾಯ್ಡಿಗೂ ಕ್ಷೇಮ.

ಆಂಡ್ರಾಯ್ಡ್‌ನಲ್ಲಿ ತೆಗೆಯುವ ಮುನ್ನ ನೋಟಿಫಿಕೇಶನ್ ಎಳೆದು ಎಜೆಕ್ಟ್ ಒತ್ತಿ. ಐಪ್ಯಾಡಿನ ಫೈಲ್ಸ್ ಆ್ಯಪ್‌ನಲ್ಲಿ ಎಜೆಕ್ಟ್ ಗುಂಡಿ ಕಾಣದಿದ್ದರೆ ನಕಲಿನ ವೃತ್ತ ಪೂರ್ತಿ ಮುಗಿದ ಮೇಲೆ ಇನ್ನೂ ಕೆಲವು ಸೆಕೆಂಡ್ ಕಾದು ಕೀಳಿ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನ ಸಾಧನಗಳಲ್ಲಿ ಡ್ರೈವ್ ಕಾಣಿಸಲೇ ಇಲ್ಲವೆಂದರೆ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ "ಒಟಿಜಿ" ಎಂದು ಟೈಪಿಸಿ. ಹಲವು ಮಾದರಿಗಳಲ್ಲಿ ಅದಕ್ಕೊಂದು ಸ್ವಿಚ್ ಇದೆ, ಹತ್ತು ನಿಮಿಷ ಬಳಸದಿದ್ದರೆ ತಾನಾಗಿ ಆರಿಹೋಗುತ್ತದೆ.

ಒಂದೇ ಪೋರ್ಟಿನ ಕಷ್ಟ, ಹಬ್‌ನ ಪರಿಹಾರ

ಹೆಚ್ಚಿನ ಟ್ಯಾಬುಗಳಿಗೆ ಇರುವುದು ಒಂದೇ ಸಿ. ಚಾರ್ಜ್ ಮಾಡುತ್ತ ಪೆನ್‌ಡ್ರೈವ್ ಹಾಕುವಂತಿಲ್ಲ, ಪ್ರೊಜೆಕ್ಟರ್ ಹಾಕಿದರೆ ಚಾರ್ಜರಿಗೆ ಜಾಗವಿಲ್ಲ. ಇದನ್ನು ನೇರವಾಗಿ ಹೇಳಬೇಕು: ಪಾಠಕ್ಕೆ, ಕಚೇರಿಗೆ ಎಂದು ಮಾರುವ ಟ್ಯಾಬಿಗೆ ಎರಡು ಸಿ ಪೋರ್ಟ್ ಇರಲೇಬೇಕು. ಸರ್ಫೇಸ್ ಪ್ರೊ 8ರಲ್ಲಿ ಎರಡಿವೆ, ಜಾಗ ಸಾಲದು ಎಂಬ ನೆಪ ದೊಡ್ಡ ಟ್ಯಾಬುಗಳಿಗೆ ನಿಲ್ಲುವುದಿಲ್ಲ. 3.5 ಮಿಲಿಮೀಟರ್ ಇಯರ್‌ಫೋನ್ ಜಾಕ್ ತೆಗೆದ ಮೇಲಂತೂ ಉಳಿದ ಒಂದು ತೂತಿನ ಮೇಲೆ ಎಲ್ಲ ಭಾರ ಬಿದ್ದಿದೆ.

ಅಲ್ಲಿಯವರೆಗೆ ಹಬ್ ಬೇಕು. ಕೊಳ್ಳುವಾಗ ಮೂರು ಸಂಗತಿ ನೋಡಿ. ಒಂದು, ಪಿಡಿ ಒಳಪೋರ್ಟ್ ಇರಬೇಕು. ಹಬ್ ತನ್ನ ಪಾಲಿಗೆ ಕೆಲವು ವ್ಯಾಟ್ ಇಟ್ಟುಕೊಂಡು ಉಳಿದದ್ದನ್ನು ಟ್ಯಾಬಿಗೆ ಕೊಡುವುದರಿಂದ 25 ವ್ಯಾಟ್ ಎಳೆಯುವ ಟ್ಯಾಬಿಗೆ 45 ವ್ಯಾಟ್‌ನ ಚಾರ್ಜರ್ ಹಾಕುವುದು ಲೇಸು. ಬಹಳಷ್ಟು ಹಬ್‌ಗಳಲ್ಲಿ ಪಿಡಿ ಎಂದು ಬರೆದ ತೂತು ಕರೆಂಟಿಗೆ ಮಾತ್ರ. ಅಲ್ಲಿ ಪೆನ್‌ಡ್ರೈವ್ ಚುಚ್ಚಿ ಕಾದು ಕೂತರೆ ಏನೂ ಬಾರದು. ಎರಡು, ಎಚ್‌ಡಿಎಂಐ ಮೇಲೆ 30 ಹರ್ಟ್ಸ್ ಎಂದಿದೆಯೋ 60 ಎಂದಿದೆಯೋ ನೋಡಿ. ವೇಗದ ಯುಎಸ್‌ಬಿಯನ್ನೂ ಚಿತ್ರವನ್ನೂ ಒಟ್ಟಿಗೆ ಕೊಡುವ ಹಬ್ ನಾಲ್ಕು ಜೋಡಿ ತಂತಿಗಳನ್ನು ಎರಡೆರಡಾಗಿ ಹಂಚುತ್ತದೆ. ಆಗ ಅನೇಕ ಟ್ಯಾಬುಗಳಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ಇಳಿಯುತ್ತದೆ. ತರಗತಿಯ 1080ಪಿ ಪ್ರೊಜೆಕ್ಟರಿಗೆ ಇದರಿಂದ ಏನೂ ಬಾಧೆಯಿಲ್ಲ. ಮೂರು, ಹಬ್ಬಿನ ಸ್ವಂತ ಕೇಬಲ್ 10–15 ಸೆಂಟಿಮೀಟರ್ ಉದ್ದವಿರಲಿ. ಟ್ಯಾಬಿಗೆ ನೇರ ಅಂಟಿ ನಿಲ್ಲುವ ಗಟ್ಟಿ ಹಬ್ ಎಚ್‌ಡಿಎಂಐ ಕೇಬಲ್ಲಿನ ಭಾರವನ್ನೆಲ್ಲ ಪೋರ್ಟಿನ ಮೇಲೆ ಹೇರುತ್ತದೆ.

ನಕಲು ನಡೆಯುತ್ತಿರುವಾಗ ಹಬ್ಬಿನ ಚಾರ್ಜರ್ ಹಾಕುವುದಾಗಲಿ ಕೀಳುವುದಾಗಲಿ ಮಾಡಬೇಡಿ. ಕರೆಂಟ್ ಯಾರು ಯಾರಿಗೆ ಕೊಡಬೇಕೆಂದು ಹಬ್ಬೂ ಟ್ಯಾಬೂ ಮತ್ತೆ ಮಾತಾಡಿಕೊಳ್ಳುವ ಆ ಕ್ಷಣದಲ್ಲಿ ಡ್ರೈವ್ ಕಡಿದುಹೋಗಬಹುದು, ಫೈಲ್ ಅರ್ಧಕ್ಕೆ ನಿಂತು ಕೆಡುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವುದೂ ಇದೇ ಲೆಕ್ಕಕ್ಕೆ. ಲೋಡ್‌ಶೆಡ್ಡಿಂಗ್ ಇರುವ ಊರಿನಲ್ಲಿ ಮುಖ್ಯವಾದದ್ದನ್ನು ನಕಲಿಸುವಾಗ ಚಾರ್ಜರ್ ತೆಗೆದಿಟ್ಟು, ಬ್ಯಾಟರಿಯ ಮೇಲೆಯೇ ಮುಗಿಸಿ.

ಇನ್ನೊಂದು ಕಾಣದ ತೊಂದರೆ. ಹಬ್‌ನಲ್ಲಿ ವೇಗದ ಎಸ್‌ಎಸ್‌ಡಿ ಪಕ್ಕದಲ್ಲೇ ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಹಾಕಿದರೆ ಮೌಸ್ ಜಿಗಿಯುತ್ತದೆ, 2.4 ಗಿಗಾಹರ್ಟ್ಸ್ ವೈಫೈ ಕುಸಿಯುತ್ತದೆ. ಯುಎಸ್‌ಬಿ 3ರ ಸಂಕೇತ ಅದೇ ಆವರ್ತನದಲ್ಲಿ ಗದ್ದಲ ಹೊರಸೂಸುತ್ತದೆ. ರಿಸೀವರನ್ನು ಒಂದು ಗೇಣು ಎಕ್ಸ್‌ಟೆನ್ಶನ್ ಕೇಬಲ್ಲಿಗೆ ಹಾಕಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಅಲ್ಲಿಗೆ ಮುಗಿಯಿತು.

ಪ್ರೊಜೆಕ್ಟರಿಗೆ ಜೋಡಿಸುವ ಕ್ರಮ

ಮೊದಲು ಪ್ರೊಜೆಕ್ಟರ್ ಹಚ್ಚಿ ಸರಿಯಾದ ಇನ್‌ಪುಟ್ ಆರಿಸಿ. ಎಚ್‌ಡಿಎಂಐ ಕೇಬಲನ್ನು ಹಬ್‌ಗೆ ಹಾಕಿ, ಹಬ್‌ಗೆ ಚಾರ್ಜರ್ ಹಾಕಿ, ಕೊನೆಗೆ ಹಬ್ಬನ್ನು ಟ್ಯಾಬಿಗೆ ಹಾಕಿ. ಚಿತ್ರ ಬರದಿದ್ದರೆ ಸಿ ಪ್ಲಗ್ ಕಿತ್ತು ಮಗುಚಿ ಹಾಕಿ. ಆಗಲೂ ಬರದಿದ್ದರೆ ಎಚ್‌ಡಿಎಂಐ ಕೇಬಲ್ ಬದಲಿಸಿ. 10 ಮೀಟರ್ ಮೀರಿದ ಅಗ್ಗದ ಕೇಬಲ್ಲುಗಳೇ ಸಾಮಾನ್ಯವಾಗಿ ಕಳ್ಳರು.

ಶಾಲೆ, ಸಭಾಂಗಣಗಳ ಹಳೆಯ ಪ್ರೊಜೆಕ್ಟರುಗಳಲ್ಲಿ ನೀಲಿ ಬಣ್ಣದ ವಿಜಿಎ ಮಾತ್ರ ಇರುತ್ತದೆ. ಅದಕ್ಕೆ ಸಿ-ಯಿಂದ-ವಿಜಿಎ ಅಥವಾ ಎಚ್‌ಡಿಎಂಐ-ಯಿಂದ-ವಿಜಿಎ ಪರಿವರ್ತಕ ಬೇಕು. ಇವು ಒಮ್ಮುಖ ರಸ್ತೆಗಳು. ವಿಜಿಎ-ಯಿಂದ-ಎಚ್‌ಡಿಎಂಐ ಎಂಬುದು ನೋಡಲು ಹಾಗೇ ಇದ್ದರೂ ಇಲ್ಲಿ ಕೆಲಸಕ್ಕೆ ಬಾರದು, ಅಂಗಡಿಯಲ್ಲಿ ಅದಲು ಬದಲಾಗುವುದು ಮಾಮೂಲು. ವಿಜಿಎಯಲ್ಲಿ ಶಬ್ದ ಹೋಗುವುದಿಲ್ಲ, ಸ್ಪೀಕರಿಗೆ ಬೇರೆ ವ್ಯವಸ್ಥೆ ಮಾಡಿ.

ಟ್ಯಾಬಿನಲ್ಲಿ ಆಲ್ಟ್ ಮೋಡ್ ಇಲ್ಲದಿದ್ದರೂ ಒಂದು ದಾರಿಯಿದೆ. ಡಿಸ್‌ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರ್ ಚಿತ್ರವನ್ನು ಸಾದಾ ಯುಎಸ್‌ಬಿ ಡೇಟಾ ಆಗಿ ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಡಿಸ್‌ಪ್ಲೇಲಿಂಕ್ ಪ್ರೆಸೆಂಟರ್ ಆ್ಯಪ್ ಹಾಕಿ ಅನುಮತಿ ಕೊಡಬೇಕು. ಸ್ಲೈಡು, ಪಾಠದ ಪುಟಗಳಿಗೆ ಚೆನ್ನಾಗಿದೆ. ವಿಡಿಯೋ ತಡವರಿಸುತ್ತದೆ, ಹಕ್ಕು ರಕ್ಷಣೆ ಇರುವ ಸಿನಿಮಾ ಆ್ಯಪ್‌ಗಳಲ್ಲಿ ಕಪ್ಪು ಪರದೆ ಬರುತ್ತದೆ.

ಇಯರ್‌ಫೋನ್ ಅಡಾಪ್ಟರ್ ಬೇಕಾದರೆ ಡಿಎಸಿ (ಡಿಜಿಟಲ್ ಶಬ್ದವನ್ನು ಅನಲಾಗ್‌ಗೆ ಬದಲಿಸುವ ಚಿಪ್) ಇರುವುದನ್ನೇ ಕೇಳಿ ತನ್ನಿ. ಬರೀ ತಂತಿಯ ಅಡಾಪ್ಟರುಗಳು ಅನಲಾಗ್ ಶಬ್ದವನ್ನು ಪೋರ್ಟಿನಲ್ಲೇ ಕೊಡುವ ಸಾಧನಗಳಿಗೆ ಮಾತ್ರ, ಐಪ್ಯಾಡ್‌ನಲ್ಲಿ ನಡೆಯುವುದಿಲ್ಲ. ಲ್ಯಾನ್ ಅಡಾಪ್ಟರ್ ಹಾಕಿದಾಗ ಐಪ್ಯಾಡ್ ಸೆಟ್ಟಿಂಗ್ಸ್‌ನಲ್ಲಿ "ಈಥರ್ನೆಟ್" ಎಂಬ ಸಾಲು ಹೊಸದಾಗಿ ಕಾಣಿಸಿದರೆ ಅದು ಒಪ್ಪಿಗೆಯಾಯಿತೆಂದು ಅರ್ಥ.

ಪೋರ್ಟ್ ಕೆಟ್ಟಿತೆನ್ನುವ ಮುನ್ನ

ಟೈಪ್-ಸಿ ಪೋರ್ಟಿನ ಬಾಳಿಕೆ 10,000 ಬಾರಿ ಹಾಕಿ ತೆಗೆಯುವಷ್ಟು. ಹಿಡಿದುಕೊಳ್ಳುವ ಸ್ಪ್ರಿಂಗುಗಳು ಇರುವುದು ಪ್ಲಗ್ಗಿನಲ್ಲಿ, ಹಾಗಾಗಿ ಮೊದಲು ಸವೆಯುವುದು ಕೇಬಲ್. ಸಡಿಲವೆನಿಸಿದರೆ ಹೊಸ ಕೇಬಲ್ ಹಾಕಿ ನೋಡಿ. ಹೊಸ ಪ್ಲಗ್ ಕೂಡ ಪೂರ್ತಿ ಒಳಹೋಗದೆ ಹೊರಗೆ ಒಂದು ಗೆರೆಯಷ್ಟು ಉಳಿದರೆ ತಳದಲ್ಲಿ ಬಟ್ಟೆಯ ನೂಲು, ಧೂಳು ಗಟ್ಟಿಯಾಗಿ ಕೂತಿದೆ. ಟ್ಯಾಬ್ ಪೂರ್ತಿ ಆರಿಸಿ, ಮರದ ಹಲ್ಲುಕಡ್ಡಿಯ ತುದಿಯನ್ನು ಇನ್ನಷ್ಟು ತೆಳ್ಳಗೆ ಹೆರೆದು, ನಡುವಿನ ನಾಲಿಗೆಗೆ ತಾಗದಂತೆ ಗೋಡೆಯ ಬದಿಯಿಂದ ಎಳೆದು ತೆಗೆಯಿರಿ. ಸೂಜಿ, ಪಿನ್ನು ಬೇಡವೇ ಬೇಡ. ನಾಲಿಗೆ ಮುರಿದರೆ ಪೋರ್ಟೇ ಬದಲಾಗಬೇಕು.

ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಶತ್ರು ತೇವ. ಕರೆಂಟ್ ಹರಿಯುವ ಪಿನ್ ಮತ್ತು ಸಿಸಿ ಪಿನ್ ಅಕ್ಕಪಕ್ಕದಲ್ಲೇ ಇವೆ. ನಡುವೆ ಹನಿ ನೀರು ನಿಂತು ಕರೆಂಟ್ ಹರಿದರೆ ಪಿನ್ ಹಸಿರು ಕಟ್ಟಿ ತಿಂದುಹೋಗುತ್ತದೆ. ಎ-ಯಿಂದ-ಸಿ ಕೇಬಲ್ಲಿನ ತುದಿಯಲ್ಲಿ, ಚಾರ್ಜರ್ ಹಚ್ಚಿದ್ದರೆ, 5 ವೋಲ್ಟ್ ಸದಾ ಇರುತ್ತದೆ. ಸಿ-ಯಿಂದ-ಸಿಯಲ್ಲಿ ಸಾಧನ ಸಿಕ್ಕ ಮೇಲಷ್ಟೇ ಬರುತ್ತದೆ. ತೇವದ ಜಾಗದಲ್ಲಿ ಎರಡನೆಯದೇ ಕ್ಷೇಮ. ಪರದೆಯ ಮೇಲೆ ನೀರಿನ ಹನಿಯ ಗುರುತು ಕಂಡರೆ ಟ್ಯಾಬನ್ನು ಪೋರ್ಟ್ ಕೆಳಮುಖವಾಗಿ ನಿಲ್ಲಿಸಿ ಫ್ಯಾನಿನ ಗಾಳಿಗೆ ಕೆಲವು ಗಂಟೆ ಬಿಡಿ. ಹೇರ್ ಡ್ರೈಯರ್ ಹಿಡಿದರೆ ಪರದೆಯ ಅಂಟು ಸಡಿಲವಾಗುತ್ತದೆ, ಅಕ್ಕಿ ಡಬ್ಬಿಯಲ್ಲಿಟ್ಟರೆ ಹಿಟ್ಟಿನ ಧೂಳು ಸೇರುತ್ತದೆ. ಹಸಿರು ಕಲೆ ಆಗಲೇ ಇದ್ದರೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೃದು ಬ್ರಷ್ಷಿನಿಂದ, ಟ್ಯಾಬ್ ಆರಿಸಿಯೇ, ತಿಕ್ಕಿ ಒಣಗಿಸಿ.

ರಿಪೇರಿಗೆ ಕೊಡುವಾಗ ಒಂದು ಪ್ರಶ್ನೆ ಕೇಳಿ: ಈ ಮಾದರಿಯಲ್ಲಿ ಚಾರ್ಜಿಂಗ್ ಪೋರ್ಟ್ ಬೇರೆ ಸಣ್ಣ ಬೋರ್ಡಿನಲ್ಲಿದೆಯೋ, ಮುಖ್ಯ ಬೋರ್ಡಿಗೇ ಬೆಸುಗೆಯಾಗಿದೆಯೋ? ಸಣ್ಣ ಬೋರ್ಡಾದರೆ ಅದನ್ನಷ್ಟೇ ಬದಲಿಸಿ ಬೇಗ ಮುಗಿಸಬಹುದು, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ವಿಚಾರಿಸಬಹುದು. ಬೆಸುಗೆಯಾಗಿದ್ದರೆ ಬಿಸಿಗಾಳಿಯಿಂದ ಹಳೆಯ ಪೋರ್ಟ್ ಎತ್ತಿ 24 ಪಿನ್ನುಗಳನ್ನೂ ಹೊಸದಾಗಿ ಕೂರಿಸಬೇಕು, ಸೂಕ್ಷ್ಮದರ್ಶಕ ಇಟ್ಟುಕೊಂಡ ಕೈಗೇ ಕೊಡಿ. ವಾಪಸ್ ಪಡೆಯುವಾಗ ಚಾರ್ಜ್ ಆಗುತ್ತದೆಂದು ತೃಪ್ತಿಪಡಬೇಡಿ. ಚಾರ್ಜಿಂಗಿಗೆ ಬೇಕಾದ ಕೆಲವೇ ಪಿನ್ನು ಕೂತು ಉಳಿದವು ಕೂರದೇ ಇರಬಹುದು. ಪ್ಲಗ್ಗನ್ನು ಎರಡೂ ಬದಿಗೆ ಹಾಕಿ, ಪೆನ್‌ಡ್ರೈವ್ ಓದಿಸಿ, ಚಿತ್ರ ಬರುವ ಟ್ಯಾಬಾದರೆ ಎಚ್‌ಡಿಎಂಐ ಕೂಡ ನೋಡಿ, ಆಮೇಲೆ ಹಣ ಕೊಡಿ.